ಗೋಣು ಹಾಕಿದ್ದು

ಟಿವಿಯಾಗ ಬಿಸಿಲಿತ್ತು.
ಹೊರಗ ರಾತ್ರಿ ಒಂಬತ್ತು.
ಕಪನೂರ ರಸ್ತೆ ಮ್ಯಾಲೆ ಲಾಲ್ ಅಹಮದನ ಚಾದಂಗಡಿ,
ಒಳಗ ಬೆಂಚಿನ ಮ್ಯಾಲೆ ಗಂಡಸರು,
ಎದುರಿನ ಕಟ್ಟಿ ಮ್ಯಾಲೆ ನಾವು ಹೆಣ್ಮಕ್ಕಳು.
ಪರದೆ ಮೂಲ್ಯಾಗ ಕೆಂಪಕ್ಷರ: ನೇರ ಪ್ರಸಾರ.

'ನೇರ ಅಂದ್ರ ಇಷ್ಟು ಸೊಟ್ಟ ಇರ್ತದೇನು?'
ಅಂದ ವಿಠೋಬಾ, ಮಿಲ್ಲಿನ ಕಾಟಾ ನೋಡಾಂವ.
ನಕ್ಕೆವು. ಆಗಿನ್ನೂ ನಗು ಇತ್ತು.

ಮಧ್ಯಾಹ್ನ ನಾವೇ ಅಲ್ಲಿದ್ದೆವಲ್ಲ,
ಕಾಲೇಜಿನ ಮೈದಾನ, ಶಾಮಿಯಾನದ ಕೆಳಗ
ಮೂರನೇ ಸಾಲು, ನಾನು, ಬಾಜೂಕ ಜೈತುನಬಿ.
ಬಿಳೇ ಅಂಗಿಯಾಂವ ಈ ಕಡೆ, ಕೋಟಿನಾಂವ ಆ ಕಡೆ,
ನಡಬರ್ಕ ಆ್ಯಂಕರ್ ಹುಡುಗ,
ಇಬ್ಬರಿಗಿಂತ ಮೊದಲೇ ಅವಂದೇ ಮಾತು.

ಮೈಕು ನನ್ನ ಕೈಗೆ ಬಂದಾಗ ಹಸಿ ಇತ್ತು,
ಯಾರ್ಯಾರದೋ ಬೆವರು. ಕೇಳಿದೆ:
ಬ್ಯಾಳಿ ಮಿಲ್ಲಿನಾಗ ನಾವು ನಲವತ್ತೆರಡು ಮಂದಿ,
ಮುಂಜಾನಿ ಎಂಟರಿಂದ ಸಂಜಿ ಆರರ ತನಕ ಕಲ್ಲು ಆರಿಸ್ತೀವಿ.
ಪಾಯಖಾನಿ ಇಲ್ಲ.
ಅದಕ್ಕ ನೀರು ಕುಡಿಯೂದಿಲ್ಲ.
ಬಿಸಿಲು ನಲವತ್ತಮೂರು, ನಾಲಗಿ ತೊಗರಿ ಹೊಟ್ಟು ಆಗ್ತದ,
ಕುಡಿಯೂದಿಲ್ಲ.
ನಿಮ್ಮಿಬ್ಬರೊಳಗ ಯಾರು ಕಟ್ಟಸ್ತೀರಿ, ಯಾವ ತಿಂಗಳು?

ಮೈದಾನ ಒಂದು ಗಳಿಗಿ ಗಪ್ಪಾತು.
ಕೋಟಿನಾಂವ ಕಾಗದ ಹುಡುಕಿದ.
ಬಿಳೇ ಅಂಗಿಯಾಂವ 'ತಾಯೀ' ಅಂದ,
ತಾಯಿ ಅಂದದ್ದೇ ಉತ್ತರ.
ಆ್ಯಂಕರ್ ಅಂದ: ಒಂದು ಪುಟ್ಟ ವಿರಾಮ.

ಆಮ್ಯಾಲೆ ಮಾತು ದೇಶಕ್ಕ ಹೋತು, ದೇಶದಿಂದ ಮುಗಿಲಿಗೆ.
ಜೈತುನಬಿ ಬಾಟ್ಲಿ ತೆಗೆದ್ಳು. 'ನೀರು ಕುಡಿತಿ?'
ಶಾಮಿಯಾನದ ಹಿಂದ ಟಿವಿ ಮಂದಿಗಂತ ತಂದ
ಪಾಯಖಾನಿ ಗಾಡಿ ನಿಂತಿತ್ತು,
ಬರುವಾಗಲೇ ನೋಡಿಟ್ಟಿದ್ದೆ.
ಗೋಣು ಹಾಕಿದೆ.
ಹೂಂ, ಹೂಂ. ಎರಡು ಸಲ.

ರಾತ್ರಿ ನೋಡ್ತೀನಿ,
'ಐದು ವರ್ಷದಲ್ಲಿ ನಮ್ಮ ಹೆಣ್ಣುಮಕ್ಕಳು ನೆಮ್ಮದಿಯಿಂದಿದ್ದಾರೆ'
ಅಂತಾನ ಬಿಳೇ ಅಂಗಿಯಾಂವ,
ಪರದೆ ತುಂಬ ನನ್ನ ಮಾರಿ.
ಹೂಂ, ಹೂಂ. ಎರಡು ಸಲ.
ಹಿಂದ ಚಪ್ಪಾಳಿ.
ಪ್ರಶ್ನೆ ಇಲ್ಲ. ಬಾಟ್ಲಿ ಇಲ್ಲ.
ಜೈತುನಬಿ ಮೊಣಕೈ ಮಾತ್ರ, ಒಂದು ಚೂರು.

'ಬಿಳೇ ಅಂಗಿಗೆ ಹತ್ತೊಂಬತ್ತು ನಿಮಿಷ, ಕೋಟಿಗೆ ಹನ್ನೊಂದು,
ತಕ್ಕಡಿಗೆ ಮ್ಯಾಣ ಹಚ್ಯಾರ' ಅಂದ ವಿಠೋಬಾ.
ಚಂದ್ರಶ್ಯಾ ಬೆಂಚು ಗುದ್ದಿದ:
'ಹನ್ನೊಂದು ಯಾಕ ಕೊಟ್ರು ಆ ಕೋಟಿಗೆ?
ಚಾನೆಲ್ ಮಾರ್ಕೊಂಡದ!'
ಒಂದೇ ಟಿವಿ. ಆ ಬೆಂಚಿಗೆ ಒಂದು ಕಂಡದ, ಈ ಬೆಂಚಿಗೆ ಒಂದು.
ಲಾಲ್ ಅಹಮದ್ ಚಾ ಸೋಸ್ತಾ,
'ಚಾದ ರೊಕ್ಕ ಮಾತ್ರ ಎರಡೂ ಬೆಂಚು ಕೊಡ್ರೆಪ್ಪ.'

ಮರುದಿನ ಮುನೀಮ 'ಭೇಷ್ ರಾಚಮ್ಮ' ಅಂದ,
ಫ್ಯಾನಿನ ಕೆಳಗ ಜಾಗ ಕೊಟ್ಟ.
ಕಸ್ತೂರಿ ನನ್ನ ಕೂಡ ಬುತ್ತಿ ಬಿಚ್ಚಲಿಲ್ಲ.
'ಎಷ್ಟು ಕೊಟ್ರವ್ವ?' ಅಂದ್ಳು, ಮರದಿಂದ ಕಣ್ಣೆತ್ತದೆ.
ದೀಪ ಆರಿಸಿದ ಮ್ಯಾಲೆ ಗಂಡ ಸೈತ:
'ಖರೇ ಹೇಳು, ಅವನ ಮಾತಿಗೇ ಹಾಕಿದ್ದಿಲ್ಲೋ ಗೋಣು?'
ನೀರಿಗೆ, ಅಂದೆ.
ನಕ್ಕು ಮಗ್ಗಲಾದ.

ಮೂರನೇ ಸಲ ತೋರಿಸಿದಾಗ ನನಗೇ ಅನುಮಾನ.
ಹ್ಯಾಂಗ ಒಪ್ಪಿಕೊಂಡಾಳ ನೋಡು ಈ ಹೆಣ್ಮಗಳು,
ಎಂಥಾ ಸಮಾಧಾನ ಮಾರಿ ಮ್ಯಾಲೆ.
ಹದಿನಾರು ವರ್ಷ ಮರ ಹಿಡಿದು ಕುಂತಾಕಿ ನಾನು,
ಬ್ಯಾಳಿ ಬಣ್ಣದ್ದೇ ಕಲ್ಲಿದ್ರೂ ಬೆರಳಿಗೆ ಗೊತ್ತಾಗ್ತದ.
ಪರದೆ ಮ್ಯಾಲೆ ಬೆರಳು ಆಡಿಸಿದೆ.
ನುಣ್ಣಗಿತ್ತು.

ಇವತ್ತು ಬಿಸಿಲು ಏರಿದ ಹೊತ್ತಿಗೆ
ಜೈತುನಬಿ ಫ್ಯಾನಿನ ಕೆಳಗ ಬಂದು ಬಾಟ್ಲಿ ಚಾಚಿದ್ಳು.
ನಲವತ್ತು ಮಾರಿ ನಮ್ಮ ಕಡೆ ಹೊರಳಿದವು.
ಗೋಣು ಗಟ್ಟಿ ಹಿಡಿದೆ.
ಬಾಯಿಲೆ ಅಂದೆ, ಮುನೀಮನ ಖೋಲಿ ತನಕ ಕೇಳೂ ಹಂಗ:
'ಬ್ಯಾಡ.
ಹೋಗ್ಲಾಕ ಜಾಗಿಲ್ಲ ಇಲ್ಲಿ.'